ಬಣ್ಣಗಾರರ ಕಾಯಕ: ಹಳೆಯ ಪರಾಮರ್ಶನ ಗ್ರಂಥಗಳಿಗೆ ಕೆಲವು ತಿದ್ದುಪಡಿಗಳು

ಕನ್ನಡ ನಾಡಿನ ಕಸುಬುಗಳ ಚರಿತ್ರೆಯನ್ನು ಬರೆಯಹೊರಟವರು ನೇಕಾರಿಕೆ, ಕಮ್ಮಾರಿಕೆ, ಕುಂಬಾರಿಕೆ, ಗಾಣದ ಕೆಲಸ ಮೊದಲಾದವುಗಳಿಗೆ ಸಾಕಷ್ಟು ಪುಟಗಳನ್ನು ಕೊಟ್ಟಿದ್ದಾರೆ. ಆದರೆ ಮನೆಯ ಗೋಡೆಗೆ ಗಾರೆ ಮೆತ್ತಿ, ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆದು, ಬಾಗಿಲ ಚೌಕಟ್ಟಿಗೆ ಬಣ್ಣ ಹಚ್ಚಿ, ದೇವರಮನೆಯ ಗೋಡೆಯ ಮೇಲೆ ಚಿತ್ರ ಬರೆದವರ ಚರಿತ್ರೆಯು ಒಂದೆಡೆ ದೊರೆಯುವುದು ಕಷ್ಟ. ದೊರೆತಷ್ಟೂ ಹಳೆಯ ಜನಾಂಗಕೋಶಗಳಲ್ಲಿ, ಗೆಜೆಟಿಯರುಗಳಲ್ಲಿ, ನಿಘಂಟುಗಳಲ್ಲಿ ಚದುರಿಹೋಗಿದೆ. ಆ ಗ್ರಂಥಗಳನ್ನು ರಚಿಸಿದವರ ಪರಿಶ್ರಮವು ದೊಡ್ಡದು. ಅವರಿಗೆ ನಾವು ಸದಾ ಋಣಿಗಳು. ಆದರೂ ನೂರು ವರ್ಷಗಳ ಹಿಂದೆ ಬರೆದ ಮಾತನ್ನು ಪರಿಶೀಲಿಸದೆ ಇಂದಿಗೂ ನಕಲು ಮಾಡುತ್ತಿರುವುದರಿಂದ ಎರಡು ಬಗೆಯ ಹಾನಿಯಾಗುತ್ತಿದೆ. ಕಾಯಕಜೀವಿಗಳ ಒಂದು ದೊಡ್ಡ ಸಮೂಹ ಚರಿತ್ರೆಯಿಂದ ಮರೆಯಾಗುತ್ತಿದೆ. ಹಳೆಯ ಮಠ, ಗುಡಿ, ವಾಡೆಗಳ ಜೀರ್ಣೋದ್ಧಾರವು ತಪ್ಪು ತಿಳಿವಳಿಕೆಯ ಮೇಲೆ ನಡೆದು ಗೋಡೆಗಳೇ ಕೆಡುತ್ತಿವೆ. ಆದ್ದರಿಂದ ಆ ಗ್ರಂಥಗಳಲ್ಲಿ ತಿದ್ದಬೇಕಾದುದು ಯಾವುದು, ಸೇರಿಸಬೇಕಾದುದು ಯಾವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲಾಗಿದೆ.

ಹಳೆಯ ಗ್ರಂಥಗಳ ಸ್ವರೂಪ

ಈ ವಿಷಯದಲ್ಲಿ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ಗ್ರಂಥಗಳು ಕೆಲವೇ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು. ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳು, ಎಚ್. ವಿ. ನಂಜುಂಡಯ್ಯನವರು ಆರಂಭಿಸಿ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರ್ತಿಗೊಳಿಸಿದ, 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ ಮೈಸೂರಿನ ಜನಾಂಗಗಳ ಗ್ರಂಥ, ಬಿ. ಎಲ್. ರೈಸ್ ಮತ್ತು ಸಿ. ಹಯವದನರಾಯರ ಮೈಸೂರು ಗೆಜೆಟಿಯರುಗಳು. ಇವುಗಳಿಗೂ ಹಿಂದಿನದು, 1800-01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ 1807ರ ಪ್ರವಾಸಗ್ರಂಥ.

ಇವುಗಳ ಗುಣವನ್ನು ಮೊದಲು ಹೇಳಬೇಕು. ಕಿಟ್ಟೆಲ್ಲರು ಸಂಗ್ರಹಿಸದೆ ಹೋಗಿದ್ದರೆ ಅನೇಕ ಗ್ರಾಮ್ಯ ಪದಗಳ ಅರ್ಥವೇ ನಮಗೆ ತಿಳಿಯುತ್ತಿರಲಿಲ್ಲ. ಥರ್ಸ್ಟನ್ನರ ಸಂಪುಟಗಳಲ್ಲಿ ಕಾಣುವ ಎಷ್ಟೋ ಆಚಾರಗಳ ವಿವರಗಳು ಬೇರೆಲ್ಲಿಯೂ ಸಿಗಲಾರವು. ಬುಕಾನನ್ನನು ಕಂಡದ್ದನ್ನು ಕಂಡಂತೆ ಬರೆಯುವ ಸ್ವಭಾವದವನು.

ಆದರೆ ಇವುಗಳ ರಚನಾಕ್ರಮದಲ್ಲಿಯೇ ಒಂದು ದೋಷವಿದೆ. ಜನಾಂಗಕೋಶಗಳು ಜನಗಣತಿಯ ಜೊತೆಯಲ್ಲಿ ಬೆಳೆದವು. ಗಣತಿಗೆ ಬೇಕಾದುದು ಜಾತಿಯ ಹೆಸರು. ಆ ಹೆಸರಿನ ಮುಂದೆ ಬರೆಯಲು ಒಂದು ಕಸುಬು. ಹೀಗಾಗಿ ಒಂದು ಜಾತಿಗೆ ಒಂದು ಕಸುಬು, ಒಂದು ಕಸುಬಿಗೆ ಒಂದು ಜಾತಿ ಎಂಬ ಕಲ್ಪನೆ ಈ ಗ್ರಂಥಗಳ ಪ್ರತಿಯೊಂದು ನಮೂದಿನಲ್ಲಿಯೂ ಹಾಸುಹೊಕ್ಕಾಗಿದೆ. ಅಕ್ಷರಾನುಕ್ರಮದ ಜೋಡಣೆ ಈ ದೋಷವನ್ನು ಇನ್ನಷ್ಟು ಹೆಚ್ಚಿಸಿತು. ಸುಣ್ಣ ಸುಡುವವನು ಒಂದು ಸಂಪುಟದಲ್ಲಿ, ಗಾರೆ ಮೆತ್ತುವವನು ಇನ್ನೊಂದರಲ್ಲಿ, ಬಣ್ಣ ಹಚ್ಚುವವನು ಮತ್ತೊಂದರಲ್ಲಿ ಕುಳಿತಿದ್ದಾನೆ. ಮೂವರೂ ಕೂಡಿ ಎಬ್ಬಿಸಿದ ಒಂದು ಗೋಡೆ ಮಾತ್ರ ಯಾವ ಸಂಪುಟದಲ್ಲಿಯೂ ಇಲ್ಲ!

ಚಿತ್ರಗಾರರ ವಿಚಾರವನ್ನೇ ತೆಗೆದುಕೊಳ್ಳೋಣ. ಈ ಕೋಶಗಳಲ್ಲಿ ಬಣ್ಣಗಾರ ಎಂಬುದು ಚಿತ್ರಗಾರ ಎಂಬುದಕ್ಕೆ ಇನ್ನೊಂದು ಹೆಸರಾಗಿ ಬರುತ್ತದೆ. ಅವರು ಬಣ್ಣ ಹಚ್ಚುವವರು, ಅಲಂಕಾರ ಮಾಡುವವರು, ಚಿನ್ನದ ಲೇಪ ಕೊಡುವವರು. ಪೆಟ್ಟಿಗೆ, ಪಲ್ಲಕ್ಕಿ, ಅರಗಿನ ಬೊಂಬೆ, ಗುಡಿಯ ಮರದ ವಿಗ್ರಹ, ತೇರು ಇವುಗಳನ್ನು ಮಾಡುವವರು ಎಂಬ ಮಾತು ಮುಂದಿನ ಪುಸ್ತಕಗಳಿಗೂ ಇಳಿದುಬಂದಿದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಪಟ್ಟಿಯಲ್ಲಿರುವ ವಸ್ತುಗಳೆಲ್ಲ ಹೊತ್ತು ಸಾಗಿಸುವಂಥವು ಅಥವಾ ಎಳೆಯುವಂಥವು. ನಿಂತಲ್ಲಿಯೇ ನಿಲ್ಲುವ ಗೋಡೆಯೂ ಚಾವಣಿಯೂ ಅಲ್ಲಿ ಎದ್ದು ಕಾಣುವುದಿಲ್ಲ. ಚಿತ್ರಗಾರನ ಬದುಕಿನ ಮುಖ್ಯ ರಂಗಸ್ಥಳವೇ ವರ್ಣನೆಯಿಂದ ಬಿಟ್ಟುಹೋಯಿತು.

ಕಾಲದ ಮಿತಿ

ಈ ಗ್ರಂಥಕರ್ತರನ್ನು ದೂಷಿಸುವುದು ನ್ಯಾಯವಲ್ಲ. ಅವರ ಕಾಲಕ್ಕೆ ನಮ್ಮ ಮುಖ್ಯ ಆಕರಗಳು ಅಚ್ಚಾಗಿರಲಿಲ್ಲವೆಂಬುದನ್ನು ನೆನಪಿಡಬೇಕು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಮೊದಲ ಸಂಪುಟ ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಪ್ರಕಟವಾದದ್ದು 1925ರಲ್ಲಿ, ಎರಡನೆಯದು 1939ರಲ್ಲಿ. ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ವು ಮದರಾಸಿನಲ್ಲಿ ಅಚ್ಚಾದದ್ದು 1927ರಲ್ಲಿ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ, ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು ಹದಿನೈದು ಸಂಪುಟಗಳಲ್ಲಿ ಒಟ್ಟಾಗಿ ಪ್ರಕಟಿಸಿದ್ದು 1993ರಲ್ಲಿ. ಹೀಗಿರುವಲ್ಲಿ 1909ರ ಕೋಶಕಾರನಿಗೆ ಇವೆಲ್ಲ ಕಾಣದೆ ಹೋದದ್ದು ಸಹಜ. ಇವೆಲ್ಲ ಕೈಯಲ್ಲಿರುವ ನಾವು ಅವನನ್ನೇ ನಕಲು ಮಾಡಿ ಕುಳಿತಿರುವುದು ಸಹಜವಲ್ಲ.

ಕಲ್ಯಾಣದ ಸಾಕ್ಷ್ಯ

ಮಾನಸೋಲ್ಲಾಸದ ರಚನೆ ಸುಮಾರು 1129-30ರ ಕಾಲದ್ದು. ಐದು ವಿಂಶತಿಗಳು, ನೂರು ಅಧ್ಯಾಯಗಳುಳ್ಳ ಈ ಬೃಹತ್ ಗ್ರಂಥದಲ್ಲಿ ಚಿತ್ರದ ವಿಚಾರ ಬರುವುದು ಮೂರನೆಯ ವಿಂಶತಿಯ ಗೃಹೋಪಭೋಗದ ಸಂದರ್ಭದಲ್ಲಿ. ಈ ಸ್ಥಾನವು ಬಹು ಅರ್ಥಪೂರ್ಣವಾದುದು. ಚಿತ್ರವೆಂದರೆ ಪ್ರತ್ಯೇಕವಾಗಿ ತೂಗುಹಾಕುವ ಪಟವೆಂದು ಅಲ್ಲಿ ಭಾವಿಸಿಲ್ಲ. ವಾಸಕ್ಕೆ ಯೋಗ್ಯವಾದ ಮನೆಯನ್ನು ಸಿದ್ಧಪಡಿಸುವ ಕೆಲಸದ ಒಂದು ಅಂಗವೆಂದೇ ಅದನ್ನು ಎಣಿಸಿದೆ.

ಅಲ್ಲಿ ಬರುವ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಮೊದಲು ಗೋಡೆಗೆ ಸುಧೆ, ಎಂದರೆ ಸುಣ್ಣದ ಗಾರೆ. ಅದು ತಗ್ಗುದಿಣ್ಣೆಯಿಲ್ಲದೆ ನುಣುಪಾಗಿರಬೇಕು. ಬಳಿಕ ವಜ್ರಲೇಪ. ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಡಬೇಕು. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರಿನೊಡನೆ ಕಾಯಿಸಿದರೆ ಅದು ಅಂಟಾಗುತ್ತದೆ. ಈ ಅಂಟಿನಲ್ಲಿ ಬಿಳಿಯ ಮಣ್ಣನ್ನು ಕಲಸಿ ಒಣಗಿದ ಗೋಡೆಗೆ ಮೂರು ಸಲ ಲೇಪಿಸಬೇಕು. ಅನಂತರ ಶಂಖದ ಪುಡಿ, ನೀಲಗಿರಿಯಲ್ಲಿ ದೊರೆಯುವ ಬಿಳಿಯ ಧಾತುವಿನ ಪುಡಿ ಇವುಗಳಿಂದ ಮೇಲ್ಪದರವನ್ನು ಸಿದ್ಧಪಡಿಸಬೇಕು. ರೇಖೆಯನ್ನು ಎಳೆಯಲು ಕಾಡಿಗೆಯನ್ನು ಅನ್ನದೊಡನೆ ಅರೆದು ಮಾಡಿದ ವರ್ತಿಕೆ. ಬಣ್ಣ ತುಂಬಲು ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕಡ್ಡಿಗೆ ಅಂಟಿಸಿದ ಲೇಖನಿ. ಅದರಲ್ಲಿ ದಪ್ಪ, ನಡುವಣದು, ತೆಳು ಎಂಬ ಮೂರು ಬಗೆ. ಬಣ್ಣಗಳಿಗೆ ಶಂಖ, ಇಂಗಲೀಕ, ಅರಗಿನ ಕೆಂಪು, ಜಾಜು, ಹರಿತಾಳ, ಕಾಡಿಗೆ.

ಈ ವಿವರವು ಹಳೆಯ ಪುಸ್ತಕಗಳ ಒಂದು ತಪ್ಪನ್ನು ನೇರವಾಗಿ ತಿದ್ದುತ್ತದೆ. ದಕ್ಷಿಣದ ಭಿತ್ತಿಚಿತ್ರಗಳನ್ನೆಲ್ಲ ಇಟಲಿಯವರ ‘ಫ್ರೆಸ್ಕೋ’ ಎಂಬ ಒಂದೇ ಹೆಸರಿನಿಂದ ಕರೆಯುವ ವಾಡಿಕೆ ಅನೇಕ ಕೈಪಿಡಿಗಳಲ್ಲಿದೆ. ಫ್ರೆಸ್ಕೋ ಎಂದರೆ ಹಸಿಗಾರೆಯ ಮೇಲೆ ಬಣ್ಣವಿಡುವ ಕ್ರಮ. ಅಲ್ಲಿ ಅಂಟು ಬೇಕಿಲ್ಲ, ಸುಣ್ಣವೇ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಮಾನಸೋಲ್ಲಾಸವು ಹೇಳುವುದು ಒಣಗೋಡೆಯ ಮೇಲೆ ಅಂಟು ಬೆರೆತ ಬಣ್ಣವನ್ನು ಇಡುವ ಕ್ರಮವನ್ನು. ದಕ್ಷಿಣದಲ್ಲಿ ಹಸಿಗಾರೆಯ ಪದ್ಧತಿ ಇರಲೇ ಇಲ್ಲವೆಂದಲ್ಲ. ತಂಜಾವೂರಿನ ಬೃಹದೀಶ್ವರ ಗುಡಿಯ ಚೋಳ ಚಿತ್ರಗಳು ಹಸಿಗಾರೆಯ ಮೇಲೆ ಬರೆದವೆಂದು ಮದರಾಸು ವಸ್ತುಸಂಗ್ರಹಾಲಯದ ರಸಾಯನಜ್ಞ ಎಸ್. ಪರಮಶಿವನ್ ಅವರು 1930ರ ದಶಕದಲ್ಲಿ ಪರೀಕ್ಷಿಸಿ ತೋರಿಸಿದರು. ಎರಡು ಪದ್ಧತಿಗಳೂ ಇದ್ದುದರಿಂದಲೇ ಒಂದೊಂದು ಗೋಡೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಹೆಸರಿಡಬೇಕಾಗಿದೆ. ಅಂಟಿನ ಬಣ್ಣವನ್ನು ಹಸಿಗಾರೆಯದೆಂದು ನಂಬಿ ನೀರಿನಿಂದ ಉಜ್ಜಿ ತೊಳೆದರೆ ಚಿತ್ರವೇ ಕರಗಿಹೋದೀತು. ಹೆಸರಿನ ತಪ್ಪು ಇಲ್ಲಿ ಬರಿಯ ಹೆಸರಿನ ತಪ್ಪಾಗಿ ಉಳಿಯುವುದಿಲ್ಲ.

ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಈ ಗ್ರಂಥ ಹುಟ್ಟಿದ ಕಲ್ಯಾಣದಲ್ಲಿಯೇ ಒಂದು ತಲೆಮಾರಿನ ಬಳಿಕ ಶರಣರ ಕಾಯಕತತ್ತ್ವವು ಬೆಳಗಿತು. ಅರಮನೆಯ ಗೋಡೆಯನ್ನು ಹೇಗೆ ಸಿದ್ಧಪಡಿಸಬೇಕೆಂಬುದನ್ನು ಅರಸನ ಗ್ರಂಥ ಹೇಳಿತು. ಸಿದ್ಧಪಡಿಸುವ ಕೈಗೆ ಏನು ಬೆಲೆಯೆಂಬುದನ್ನು ಶರಣರು ಹೇಳಿದರು. ಕಸುಬಿನ ಚರಿತ್ರೆಗೆ ಇವೆರಡೂ ಬೇಕು.

ಕೆಳದಿಯ ಮಾದರಿ

ಹಳೆಯ ಗ್ರಂಥವನ್ನು ಪರಿಷ್ಕರಿಸುವುದು ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ವೀರಶೈವ ಅರಸನಾದ ಕೆಳದಿಯ ಬಸವಪ್ಪನಾಯಕನು (1697-1714) 1709ರಲ್ಲಿ ರಚಿಸಿದ ಶಿವತತ್ತ್ವರತ್ನಾಕರವು ಒಂಬತ್ತು ಕಲ್ಲೋಲ, ನೂರೆಂಟು ತರಂಗಗಳುಳ್ಳ ಸಂಸ್ಕೃತ ವಿಶ್ವಕೋಶ. ಮಾನಸೋಲ್ಲಾಸವೇ ಮೊದಲಾದ ಪೂರ್ವಗ್ರಂಥಗಳ ವಿಷಯವನ್ನು ಎತ್ತಿಕೊಂಡು, ತನ್ನ ವಂಶದ ಚರಿತ್ರೆಯನ್ನೂ ತನ್ನ ಕಾಲದ ತಿಳಿವನ್ನೂ ಅದರೊಡನೆ ಕೂಡಿಸಿದವನು ಅವನು. ಚಿತ್ರಕಲೆಯ ವಿಚಾರವೂ ಅಲ್ಲಿ ಸೇರಿದೆ. ಸುಮಾರು ಆರುನೂರು ವರ್ಷಗಳ ಹಿಂದಿನ ಜ್ಞಾನವನ್ನು ಕೈಬಿಡದೆಯೂ ಹಾಗೆಯೇ ಇಟ್ಟು ಕೂರದೆಯೂ ತನ್ನ ಕಾಲಕ್ಕೆ ತಂದ ಆ ಕ್ರಮವೇ ಇಂದಿನ ಪರಿಷ್ಕರಣಕ್ಕೂ ಮೇಲ್ಪಂಕ್ತಿಯಾಗಬಹುದು.

ಗೋಡೆಗಳೇ ಹೇಳುವ ಚರಿತ್ರೆ

ಗ್ರಂಥಗಳ ಮಾತನ್ನು ಗೋಡೆಗಳೊಡನೆ ಇಟ್ಟು ನೋಡಬೇಕು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ. ಅದರ ಕಾಲ ಕ್ರಿ. ಶ. 578. ಆ ಗುಹೆಯಲ್ಲಿ ಬಣ್ಣದ ಚಿತ್ರಗಳ ಅವಶೇಷಗಳು ಕಾಣುತ್ತವೆ. ವಿಜಯನಗರಕ್ಕೆ ಸುಮಾರು 1520ರಲ್ಲಿ ಬಂದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಅರಮನೆಯ ಗೋಡೆಯ ಮೇಲೆ ನಾನಾ ದೇಶದ ಜನರ, ಪೋರ್ತುಗೀಸರದೂ ಸೇರಿದಂತೆ, ಜೀವನರೀತಿಯನ್ನು ಚಿತ್ರಿಸಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿಯ ಚಿತ್ರಗಳು ಹದಿನಾರನೆಯ ಶತಮಾನದ ಈ ಪರಂಪರೆಯ ಉತ್ತಮ ನಿದರ್ಶನಗಳು.

ಆದರೆ ಕಟ್ಟಡದ ಕಾಲವೇ ಚಿತ್ರದ ಕಾಲವೆಂದು ಹೇಳಿಬಿಡುವ ಅಭ್ಯಾಸ ಹಳೆಯ ಕೈಪಿಡಿಗಳಲ್ಲಿ ಬಲವಾಗಿದೆ. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪವು ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದ್ದೆಂಬುದು ಶಾಸನದಿಂದ ಖಚಿತ. ಅದರ ಚಾವಣಿಯ ಚಿತ್ರಗಳೂ ಆಗಿನವೇ ಎಂಬ ಮಾತನ್ನು ಈಚಿನ ಕೆಲವು ವಿದ್ವಾಂಸರು ಒಪ್ಪುವುದಿಲ್ಲ; ಅವು ಬಹಳ ತಡವಾಗಿ ಬರೆದವೆಂದು ಅವರ ಅಭಿಪ್ರಾಯ. ಶ್ರೀರಂಗಪಟ್ಟಣದ ದರಿಯಾ ದೌಲತ್ ಇನ್ನೂ ಸ್ಪಷ್ಟವಾದ ಉದಾಹರಣೆ. 1784ರಲ್ಲಿ ಕಟ್ಟಿದ ಆ ಮಹಲಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಅದು ಮುತ್ತಿಗೆಗೆ ಮುಂಚೆಯೇ ಅಳಿಸಿಹೋಗಿ, ಅನಂತರ ಕರ್ನಲ್ ವೆಲ್ಲೆಸ್ಲಿಯು ಮತ್ತೆ ಬರೆಸಿದನು. ಅದೂ ಮಾಸಿದಾಗ, 1855ರಲ್ಲಿ ಮೈಸೂರಿಗೆ ಬಂದ ಡಾಲ್‌ಹೌಸಿಯ ಆಜ್ಞೆಯಂತೆ ಮೂಲಚಿತ್ರವನ್ನು ಬಲ್ಲ ದೇಶೀಯ ಚಿತ್ರಗಾರನೊಬ್ಬನು ಪುನಃ ಬರೆದನು. ಎಂದಮೇಲೆ ನಾವು ಇಂದು ನೋಡುತ್ತಿರುವುದು ಒಂದಕ್ಕಿಂತ ಹೆಚ್ಚು ತಲೆಮಾರುಗಳ ಕೈಗೆಲಸವನ್ನು. ಆಜ್ಞೆ ಕೊಟ್ಟವರ ಹೆಸರು ಪುಸ್ತಕದಲ್ಲಿ ಉಳಿಯಿತು. ನೆನಪಿನಿಂದ ಆ ಗೋಡೆಯನ್ನು ಮತ್ತೆ ತುಂಬಿದ ಕೈಯ ಹೆಸರು ಉಳಿಯಲಿಲ್ಲ. ಹಾಗೆ ಬರೆಯಬಲ್ಲವನೊಬ್ಬನು 1855ರಲ್ಲಿಯೂ ದೊರೆತನೆಂಬುದೇ ಕಸುಬು ಆಗಲೂ ಜೀವಂತವಾಗಿತ್ತೆಂಬುದಕ್ಕೆ ಸಾಕ್ಷಿ.

ಕಿನ್ನಾಳದ ಚಿತ್ರಗಾರರ ವಿಚಾರವೂ ಹೀಗೆಯೇ. ಅವರನ್ನು ಕೇವಲ ಬೊಂಬೆ ಮಾಡುವವರೆಂದು ಬರೆಯುವುದು ರೂಢಿ. ಹಗುರ ಮರವನ್ನು ಕೆತ್ತಿ, ಹುಣಿಸೆಬೀಜದ ಸರಿಯಲ್ಲಿ ಕಲಸಿದ ಮರದ ಹೊಟ್ಟಿನಿಂದ ಸಂದುಗಳನ್ನು ತುಂಬಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಅದರ ಮೇಲೆ ಬಣ್ಣವಿಡುವ ಅವರ ಕ್ರಮವನ್ನು ಮಾನಸೋಲ್ಲಾಸದ ಗೋಡೆಯ ಕ್ರಮದೊಡನೆ ಹೋಲಿಸಿದರೆ ಒಂದೇ ತರ್ಕ ಕಾಣುತ್ತದೆ: ಮೊದಲು ಮೈಯನ್ನು ಸಮ ಮಾಡು, ಅಂಟಿನಿಂದ ಬಿಳಿಯ ನೆಲೆಯನ್ನು ಕಟ್ಟು, ಆಮೇಲೆ ಬಣ್ಣವಿಡು. ವಿಜಯನಗರದ ಚಿತ್ರಗಾರರೊಡನೆ ತಮ್ಮ ಸಂಬಂಧವನ್ನು ಹೇಳಿಕೊಳ್ಳುವ ಅವರ ಪರಂಪರೆಯ ಮಾತನ್ನು ಈ ಸಾಮ್ಯದ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಹಳೆಯ ಗೆಜೆಟಿಯರುಗಳು ಕಿನ್ನಾಳವನ್ನು ರಾಯಚೂರು ಜಿಲ್ಲೆಯಲ್ಲಿ ಇರಿಸಿವೆ. 1997ರಿಂದ ಅದು ಕೊಪ್ಪಳ ಜಿಲ್ಲೆಯ ಊರು. ಹಂಪೆಯು 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಇಂಥ ತಿದ್ದುಪಡಿಗಳು ಸಣ್ಣವಾದರೂ ಹುಡುಕಿಕೊಂಡು ಹೋಗುವ ವಿದ್ಯಾರ್ಥಿಗೆ ದಾರಿ ತಪ್ಪದಂತೆ ಮಾಡುತ್ತವೆ.

ಸುಣ್ಣ ಮತ್ತು ಗಾರೆ

ಚಿತ್ರಕ್ಕಿಂತ ಮೊದಲಿನದು ಸುಣ್ಣ. ಬಯಲುಸೀಮೆಯಲ್ಲಿ ಸುಣ್ಣಕಲ್ಲನ್ನೂ ಕರಾವಳಿಯಲ್ಲಿ ಚಿಪ್ಪನ್ನೂ ಗೂಡಿನಲ್ಲಿ ಸುಡುತ್ತಾರೆ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕಲ್ಲಿನೊಳಗಿನ ಇಂಗಾಲಾಮ್ಲವಾಯು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದರೆ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ವಾಯುವನ್ನು ಮತ್ತೆ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಕಲ್ಲು ಸುಣ್ಣವಾಗಿ, ಸುಣ್ಣವು ಮತ್ತೆ ಕಲ್ಲಾಗುವ ಈ ಚಕ್ರವನ್ನು ರಸಾಯನಶಾಸ್ತ್ರದ ಹೆಸರುಗಳಿಲ್ಲದೆಯೇ ನಮ್ಮ ಹಿರಿಯರು ಬಲ್ಲವರಾಗಿದ್ದರು. ಅರಳಿದ ಸುಣ್ಣವನ್ನು ಬಹುದಿನ ನೆನೆಯಲಿಡುವುದು, ಮರಳಿನೊಡನೆ ಎತ್ತಿನ ಗಾಣದಲ್ಲಿ ಅರೆಯುವುದು, ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸುವುದು, ಮೆತ್ತಿದ ಗಾರೆಯನ್ನು ನುಣುಪು ಕಲ್ಲಿನಿಂದ ಉಜ್ಜುವುದು ಇವೆಲ್ಲ ಆ ಅರಿವಿನ ಫಲಗಳು.

ಈ ಕೆಲಸ ಮಾಡಿದವರಾರು? ಜನಾಂಗಕೋಶಗಳಲ್ಲಿ ಉಪ್ಪಾರರೆಂದರೆ ಮಣ್ಣಿನಿಂದ ಉಪ್ಪು ತೆಗೆಯುವವರು. ಬ್ರಿಟಿಷರ ಉಪ್ಪಿನ ಏಕಸ್ವಾಮ್ಯ ಬಲಗೊಂಡಂತೆ ಆ ಕಸುಬು ಕುಂದಿತು. ಸುಣ್ಣ, ಗಾರೆ, ಕಟ್ಟಡ ಇವುಗಳ ಕೆಲಸವೇ ಅವರಲ್ಲಿ ಬಹುಮಂದಿಗೆ ಜೀವನಾಧಾರವಾಯಿತು. ಸರ್ಕಾರದ ಒಂದು ಕಾನೂನಿನಿಂದ ಕಸುಬು ಬದಲಾಗಬಹುದಾದರೆ, ಹುಟ್ಟಿನಿಂದಲೇ ಕಸುಬು ನಿಶ್ಚಿತವೆಂದು ಬರೆದ ಕೋಶದ ತಳಹದಿಯೇ ಸಡಿಲವಾಯಿತಲ್ಲವೆ?

ಹೆಂಗಳೆಯರ ಕಾಯಕ

ಹಳೆಯ ಗ್ರಂಥಗಳ ಅತಿ ದೊಡ್ಡ ಲೋಪವು ಇಲ್ಲಿದೆ. ಕನ್ನಡನಾಡಿನ ಬಹುಪಾಲು ಮನೆಗಳ ಗೋಡೆಗೆ ಬಣ್ಣವಿಟ್ಟವರು ಯಾವ ಜಾತಿಯ ಕಸುಬುದಾರರೂ ಅಲ್ಲ; ಆಯಾ ಮನೆಯ ಹೆಣ್ಣುಮಕ್ಕಳು. ನಮ್ಮ ಭಾಷೆಯಲ್ಲಿ ‘ಸಾರಣೆ ಕಾರಣೆ’ ಎಂಬ ಜೋಡಿಪದವಿದೆ. ಸಾರಣೆಯೆಂದರೆ ಸೆಗಣಿಯಿಂದ ಸಾರಿಸುವುದು. ಕಾರಣೆಯೆಂದರೆ ಗೋಡೆಗೆ ಕೆಮ್ಮಣ್ಣಿನಿಂದಲೋ ಸುಣ್ಣದಿಂದಲೋ ಎಳೆಯುವ ಅಲಂಕಾರದ ಪಟ್ಟೆ. ಒಂದು ಕೆಲಸಕ್ಕೆ ಭಾಷೆಯಲ್ಲಿ ಇಷ್ಟು ನಿರ್ದಿಷ್ಟವಾದ ಪದ ಹುಟ್ಟಬೇಕಾದರೆ ಅದು ಮನೆಮನೆಯಲ್ಲಿ ನಡೆದಿರಲೇಬೇಕು. ಯುಗಾದಿ, ಮಹಾನವಮಿ, ದೀಪಾವಳಿ, ಊರ ಜಾತ್ರೆ, ಮದುವೆ ಇವು ಈ ಕಾಯಕದ ಕಾಲಗಳು. ಕತ್ತಾಳೆಯ ನಾರನ್ನು ಜಜ್ಜಿ ಮಾಡಿದ ಕುಂಚ, ಸುಣ್ಣಕ್ಕೆ ಬೆರೆಸಿದ ಗಂಜಿ, ಬಿಳುಪು ಹೆಚ್ಚಲೆಂದು ಚಿಟಿಕೆ ನೀಲಿ ಇವು ಸಲಕರಣೆಗಳು. ಹೊಸ್ತಿಲಿಗೆ ಹಚ್ಚುವ ಹುರಮಂಜಿಯ ಹೆಸರನ್ನು ನೋಡಿರಿ: ಪರ್ಷಿಯಾ ಕೊಲ್ಲಿಯ ಹುರಮುಜ್ ಬಂದರಿನ ಕೆಂಪುಮಣ್ಣಿನ ನೆನಪು ಅದರಲ್ಲಿ ಅಡಗಿದೆ. ಹಳ್ಳಿಯ ಹೊಸ್ತಿಲು ಕೂಡ ಸಮುದ್ರವ್ಯಾಪಾರದ ಚರಿತ್ರೆಯನ್ನು ಹೇಳಬಲ್ಲುದು.

ಮಲೆನಾಡಿನ ಸಾಗರ ಮೊದಲಾದ ಕಡೆಗಳಲ್ಲಿ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವು ಈ ಪರಂಪರೆಯ ಶಿಖರವೆನ್ನಬಹುದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿಯ ನಾರಿನ ಕುಂಚ. ಇದರಲ್ಲಿ ಕೊಂಡು ತರುವ ವಸ್ತು ಒಂದೂ ಇಲ್ಲ. ಕೂಲಿಯಿಲ್ಲದ ಕೆಲಸವಾದ್ದರಿಂದ ಗಣತಿಯವರಿಗೆ ಇದು ಕಸುಬಾಗಿ ತೋರಲಿಲ್ಲ. ಗಣತಿಯನ್ನು ನೆಚ್ಚಿದ ಕೋಶಕಾರರಿಗೂ ಕಾಣಲಿಲ್ಲ.

ಕಾಯಕದೃಷ್ಟಿಯ ಪ್ರಯೋಜನ

ಇಲ್ಲಿ ಶರಣರ ದೃಷ್ಟಿಯು ನಮಗೆ ನೆರವಾಗುತ್ತದೆ. ನುಲಿಯ ಚಂದಯ್ಯ, ಬಾಚಿಕಾಯಕದ ಬಸವಪ್ಪ, ಸತ್ತಿಗೆ ಕಾಯಕದ ಮಾರಿತಂದೆ, ಕನ್ನಡಿ ಕಾಯಕದ ಅಮ್ಮಿದೇವಯ್ಯ, ಕೊಟ್ಟಣದ ಸೋಮಮ್ಮ ಇವರೆಲ್ಲರ ಹೆಸರುಗಳನ್ನು ಗಮನಿಸಿರಿ. ಹೆಸರಿನ ಮೊದಲಿಗೆ ನಿಂತಿರುವುದು ಕೈಯ ಸಲಕರಣೆ ಅಥವಾ ಮಾಡುವ ಕೆಲಸ. ನುಲಿಯ ಚಂದಯ್ಯನವರ ಕಥೆಯಲ್ಲಿ ಹುಲ್ಲು ಎಲ್ಲಿಂದ ಬಂತು, ಹೇಗೆ ಹೊಸೆದು ಹಗ್ಗವಾಯಿತು, ಮಾರಿ ಬಂದುದು ಯಾವ ದಾಸೋಹಕ್ಕೆ ಸಂದಿತು ಎಂಬುದೆಲ್ಲವೂ ಇದೆ. ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡ ಸತ್ಯಕ್ಕನವರನ್ನು ನಮ್ಮ ಪರಂಪರೆಯು ಶರಣೆಯೆಂದು ಪೂಜಿಸಿತು. ಇದೇ ದೃಷ್ಟಿಯಿಂದ ನೋಡಿದರೆ ಗೋಡೆ ಸಾರಿಸಿ ಕಾರಣೆಯೆಳೆದ ತಾಯಂದಿರ ಕೆಲಸವನ್ನು ಕಾಯಕವಲ್ಲವೆಂದು ಯಾರು ಹೇಳಬಲ್ಲರು?

ಹಳೆಯ ಕೋಶವು ಕೇಳಿದ ಪ್ರಶ್ನೆ ‘ಇವನು ಯಾರವನು?’ ಎಂಬುದು. ಪರಿಷ್ಕರಿಸಿದ ಕೋಶವು ಬೇರೆ ಪ್ರಶ್ನೆಗಳನ್ನು ಕೇಳಬೇಕು. ವಸ್ತು ಯಾವುದು, ಎಲ್ಲಿಂದ ಬಂತು? ಸಲಕರಣೆ ಯಾವುದು, ಅದರ ಹೆಸರೇನು? ಕೆಲಸದ ಕ್ರಮವೇನು? ಕಾಲ ಯಾವುದು? ಗಂಡಸರು ಹೆಂಗಸರು ಯಾರು ಯಾವ ಭಾಗವನ್ನು ಮಾಡಿದರು? ಪ್ರತಿಫಲ ಹೇಗೆ ಸಲ್ಲಿತು? ಕಸುಬು ಯಾವಾಗ, ಯಾವ ಕಾರಣದಿಂದ ಬದಲಾಯಿತು? ಜಾತಿಯ ಹೆಸರು ಬರಬಾರದೆಂದಲ್ಲ; ಚರಿತ್ರೆಯಲ್ಲಿ ಇದ್ದುದನ್ನು ಇಲ್ಲವೆನ್ನಲಾಗದು. ಆದರೆ ಅದು ನಮೂದಿನ ತಲೆಬರಹವಾಗಬಾರದು. ವಿವರಗಳಲ್ಲಿ ಒಂದು ವಿವರವಾಗಿರಬೇಕು.

ಹೊಸ ಕಾಲದ ಬಣ್ಣ

ಕಾರ್ಖಾನೆಯ ಬಣ್ಣ ಬಂದ ಮೇಲಿನ ಚರಿತ್ರೆಯೂ ಈ ಪರಿಷ್ಕರಣದಲ್ಲಿ ಸೇರಬೇಕು. 1902ರಲ್ಲಿ ಹೌರಾದಲ್ಲಿ ದೊಡ್ಡ ಪ್ರಮಾಣದ ಬಣ್ಣದ ಕಾರ್ಖಾನೆ ಸ್ಥಾಪಿತವಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಒದಗಿಸಿದ ಸಂಸ್ಥೆಯೂ ಇದೇ. ಡಬ್ಬಿಯ ಬಣ್ಣವು ಹರಡಿದಂತೆ ಬಣ್ಣ ಅರೆಯುವ ವಿದ್ಯೆ ಕುಂದಿತು. ಬಣ್ಣ ಹಚ್ಚುವ ಕೆಲಸ ಯಾರು ಬೇಕಾದರೂ ಕಲಿಯಬಹುದಾದ ಪಟ್ಟಣದ ಕೂಲಿಯಾಯಿತು. ಜಾತಿಯ ಕಟ್ಟು ಸಡಿಲಿದ್ದು ಒಳ್ಳೆಯದೇ. ಅದರೊಡನೆ ಅರಿವೂ ಸಡಿಲಿದ್ದು ನಷ್ಟ.

ಆರೋಗ್ಯದ ವಿಚಾರವನ್ನಂತೂ ಹಳೆಯ ಪುಸ್ತಕಗಳಿಂದ ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಇಂಗಲೀಕದಲ್ಲಿ ಪಾದರಸವೂ ಹರಿತಾಳದಲ್ಲಿ ಪಾಷಾಣವೂ ಸಫೇದದಲ್ಲಿ ಸೀಸವೂ ಇವೆ. ಸೀಸದ ಬಿಳುಪನ್ನು ಮನೆಯ ಒಳಗಿನ ಬಣ್ಣಗೆಲಸದಲ್ಲಿ ನಿಷೇಧಿಸಬೇಕೆಂಬ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆ 1921ರಷ್ಟು ಹಿಂದಿನದು. ನಮ್ಮ ದೇಶದಲ್ಲಿ 2016ರ ನಿಯಮಗಳ ಪ್ರಕಾರ ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದು; ಈ ಮಿತಿಯು 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಹಳೆಯ ಬಣ್ಣವನ್ನು ಕೆರೆಯುವ ಕೂಲಿಯವನ ಉಸಿರಿಗೆ ಆ ಧೂಳು ಹೋಗುತ್ತದೆಂಬ ಎಚ್ಚರಿಕೆಯ ಮಾತು ಪ್ರತಿಯೊಂದು ಕೈಪಿಡಿಯಲ್ಲಿಯೂ ಇರಬೇಕು. ಕಾಯಕವನ್ನು ಗೌರವಿಸುವವರು ಕಾಯವನ್ನು ಮರೆಯಬಾರದು.

ಕಟ್ಟಡಗಳ ಕ್ಷೇಮವೂ ಇಲ್ಲಿ ಸೇರಿದೆ. ಮಣ್ಣು-ಸುಣ್ಣದ ಗೋಡೆಯು ತೇವವನ್ನು ಹೀರಿ ಬಿಡುತ್ತ ಉಸಿರಾಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಮಾಡಿ ಎಣ್ಣೆಬಣ್ಣ ಬಳಿದರೆ ತೇವವು ಒಳಗೇ ನಿಂತು, ಲವಣ ಕಟ್ಟಿ, ಹಕ್ಕಳೆಯೆದ್ದು, ಕೊನೆಗೆ ಗೋಡೆಯ ಮೈಯನ್ನೇ ಕಿತ್ತುಕೊಂಡು ಬೀಳುತ್ತದೆ. ಭಕ್ತಿಯಿಂದ, ಉದಾರವಾದ ಕಾಣಿಕೆಯಿಂದ ನಡೆದ ಜೀರ್ಣೋದ್ಧಾರಗಳಲ್ಲಿಯೇ ಹಳೆಯ ಚಿತ್ರಗಳ ಮೇಲೆ ಹೊಸ ಬಣ್ಣ ಬಿದ್ದಿರುವ ಪ್ರಸಂಗಗಳುಂಟು. ತಪ್ಪು ಭಕ್ತರದಲ್ಲ, ಅವರ ಕೈಗೆ ಸರಿಯಾದ ಗ್ರಂಥವನ್ನು ಕೊಡದ ವಿದ್ವತ್‌ಲೋಕದ್ದು.

ಪರಿಷ್ಕೃತ ನಮೂದಿನ ಒಂದು ಮಾದರಿ

ಮೇಲಿನ ವಿಚಾರಗಳನ್ನು ಆಧರಿಸಿ ನಮೂದು ಹೇಗಿರಬಹುದೆಂಬುದಕ್ಕೆ ಒಂದು ಮಾದರಿಯನ್ನು ವಾಚಕರ ಪರಿಶೀಲನೆಗಾಗಿ ಇಲ್ಲಿ ಕೊಟ್ಟಿದೆ:

‘ಬಣ್ಣಗೆಲಸ: ಮನೆ, ಮಠ, ಗುಡಿಗಳ ಗೋಡೆ, ಚಾವಣಿ, ಮರಗೆಲಸ ಇವುಗಳಿಗೆ ಸುಣ್ಣ, ಮಣ್ಣು, ಬಣ್ಣ ಬಳಿಯುವ ಮತ್ತು ಚಿತ್ರ ಬರೆಯುವ ಕಾಯಕ. ಅಂಗಗಳು: ಸುಣ್ಣ ಸುಡುವುದು, ಗಾರೆ ಅರೆಯುವುದು, ಮೆತ್ತುವುದು, ಸಾರಣೆ, ಕಾರಣೆ, ಲೇಪ, ರೇಖೆ, ವರ್ಣ. ವಸ್ತುಗಳು: ಸುಣ್ಣಕಲ್ಲು, ಚಿಪ್ಪು, ಕೆಮ್ಮಣ್ಣು, ಜಾಜು, ಹುರಮಂಜಿ, ಕಾಡಿಗೆ, ಅಂಟು, ವಿಷವಸ್ತುಗಳಾದ ಇಂಗಲೀಕ, ಹರಿತಾಳ, ಸಫೇದ. ಮಾಡಿದವರು: ಮನೆಮನೆಯ ಹೆಂಗಸರು, ಚಿತ್ರಗಾರ, ಉಪ್ಪಾರ ಮೊದಲಾದ ಹೆಸರುಗಳಿಂದ ಕರೆಯಿಸಿಕೊಂಡ ಕಸುಬುದಾರರು, ಈಚೆಗೆ ಎಲ್ಲ ವರ್ಗದ ಕೂಲಿಕಾರರು. ಆಕರ: ಮಾನಸೋಲ್ಲಾಸ, ಶಿವತತ್ತ್ವರತ್ನಾಕರ, ಉಳಿದಿರುವ ಗೋಡೆಗಳು, ಬದುಕಿರುವ ಕುಶಲಿಗಳು.’

ಕೊನೆಯ ಮಾತನ್ನು ಬೇಕೆಂದೇ ಸೇರಿಸಿದೆ. ಗ್ರಂಥವು ನೂರು ವರ್ಷ ಕಾದೀತು. ಗೋಡೆಯು ಇನ್ನು ಕೆಲವು ಮಳೆಗಾಲಗಳನ್ನು ತಡೆದೀತು. ಗಾರೆಯ ಹದವನ್ನು ಬೆರಳಿನಿಂದಲೇ ಬಲ್ಲ ಮುದುಕರು ಅಷ್ಟು ಕಾಲ ಕಾಯಲಾರರು. ಆದ್ದರಿಂದ ಸುಣ್ಣದ ಗೂಡಿನ, ಗಾರೆ ಗಾಣದ, ಕಾರಣೆಯ ಪದಗಳನ್ನು ಬಲ್ಲವರ ಬಾಯಿಂದ ಮೊದಲು ಬರೆದುಕೊಳ್ಳಬೇಕು. ನಾಡಿನ ಶ್ರೀಮಠಗಳು ತಮ್ಮ ತಮ್ಮ ಆವರಣದ ಹಳೆಯ ಗೋಡೆಗಳನ್ನು, ಅವುಗಳ ಪದರಗಳನ್ನು, ಅವುಗಳಿಗೆ ಕೊನೆಯ ಸಲ ಸುಣ್ಣ ಬಳಿದವರ ಹೆಸರುಗಳನ್ನು ದಾಖಲಿಸಲು ಮುಂದಾದರೆ ಈ ಕಾರ್ಯದ ಅರ್ಧಭಾಗ ಮುಗಿದಂತೆಯೇ ಸರಿ. ಮಠಗಳಲ್ಲಿ ಓಲೆಗರಿಗಳನ್ನು ಕಾಪಾಡಿದ ಶ್ರದ್ಧೆಯಿಂದಲೇ ವಚನಗಳು ನಮಗೆ ಉಳಿದವು. ಅದೇ ಶ್ರದ್ಧೆಯು ಗೋಡೆಗಳ ಕಡೆಗೂ, ಆ ಗೋಡೆಗಳನ್ನು ಬೆಳಗಿದ ಕೈಗಳ ಕಡೆಗೂ ಹರಿಯಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.